ಬಾಯಿ, ಒಂದು ಪ್ರಶ್ನೆ: ಜೂನ್ 15ಕ್ಕಲ್ಲ, ಜುಲೈ 1ಕ್ಕೆ ತಯಾರಾಗಿ

ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ಮಕ್ಕಳು ಟೀಚರನ್ನು 'ಬಾಯಿ' ಎನ್ನುತ್ತಾರೆ. ಆ ಮಕ್ಕಳ ತಾಯಂದಿರು ಕಲಬುರಗಿ ಕಡೆಯವರಾದರೆ ನಾನು 'ಅಕ್ಕೋರು'. ನಮ್ಮ ಕುಂದಾಪುರದ ಕಡೆ ಹೋದರೆ ಬರೀ 'ಟೀಚರ್'. 1988ರಿಂದ 33 ವರ್ಷ ಈ ಮೂರೂ ಹೆಸರಿಗೆ ಓಗೊಟ್ಟಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿಕ್ಷಕರದ್ದೇ. ಜೂನ್ 15ಕ್ಕೆ ಶಾಲೆ ಶುರು, ಮೇ ತಿಂಗಳ ಕೊನೆಗೆ ನಮ್ಮವರಿಗೆಲ್ಲ ಹೊಟ್ಟೆಯಲ್ಲಿ ಒಂದು ಥರ ಆಗುತ್ತದಲ್ವಾ, ಅದೇ ಕಾರಣ.

ಪ್ರಶ್ನೆ: ನಾನು ಪುತ್ತೂರಿನವಳು. ಮದುವೆಯಾಗಿ ಮುಂಬಯಿಗೆ ಬಂದು ಎರಡು ವರ್ಷ. ಈ ಜೂನ್‌ನಲ್ಲಿ ಮೊದಲ ಸಲ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಲಿದ್ದೇನೆ. ಎರಡನೇ ಮತ್ತು ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಒಟ್ಟು 24 ಮಕ್ಕಳು. ಯೂಟ್ಯೂಬ್ ನೋಡಿ 15 ಚಾರ್ಟ್ ಮಾಡಿದ್ದೇನೆ. ಮೊದಲ ವಾರದ ಪಾಠವನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಬಿಟ್ಟುಹೋಗಿದೆ? — ಹೊಸ ಶಿಕ್ಷಕಿ, ಗೋರೆಗಾಂವ್

ಏನೂ ಬಿಟ್ಟುಹೋಗಿಲ್ಲ ತಂಗಿ. ಜಾಸ್ತಿಯೇ ಆಗಿದೆ.

ಮೊದಲು ಒಂದು ಲೆಕ್ಕ. ನಿಮ್ಮ ಹಾಜರಿ ಪುಸ್ತಕದಲ್ಲಿ 24 ಹೆಸರಿದೆ. ಜೂನ್ 15ರ ಬೆಳಿಗ್ಗೆ ನಿಮ್ಮ ಮುಂದೆ ಕೂರುವವರು ಹತ್ತು ಹನ್ನೆರಡು ಜನ ಇರಬಹುದು. ಹೆದರಬೇಡಿ, ಉಳಿದವರು ಶಾಲೆ ಬಿಟ್ಟಿಲ್ಲ. ಅವರು ಊರಲ್ಲಿದ್ದಾರೆ. ನಮ್ಮ ಮಕ್ಕಳಲ್ಲಿ ಬಹಳ ಜನರ ತಂದೆ ತಾಯಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ರಜೆ ಸಿಕ್ಕಿದ ಕೂಡಲೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುತ್ತಾರೆ. ಜೂನ್ ಎರಡನೇ ವಾರಕ್ಕೆ ಅಲ್ಲಿ ಮಿರಗಿನ (ಮೃಗಶಿರಾ) ಮಳೆ ಬೀಳುತ್ತದೆ. ತೊಗರಿ, ಹೆಸರು ಬಿತ್ತುವ ಹೊತ್ತು. ಆಮೇಲೆ ಕಾರಹುಣ್ಣಿಮೆ. ಎತ್ತಿಗೆ ಬಣ್ಣ ಬಳಿದು ಓಡಿಸುವುದನ್ನು ಬಿಟ್ಟು ಯಾವ ಮಗು ನಿಮ್ಮ ಚಾರ್ಟ್ ನೋಡಲು ಬರುತ್ತದೆ ಹೇಳಿ? ಜೂನ್ ಕೊನೆಗೆ ನಾಲ್ಕು, ಜುಲೈ ಮೊದಲ ವಾರಕ್ಕೆ ಆರು, ಹೀಗೆ ಬಂದು ಸೇರುತ್ತವೆ.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. 1988ರಲ್ಲಿ ನಾನೂ ನಿಮ್ಮ ಹಾಗೆ ಎಲ್ಲ ಬರೆದುಕೊಂಡು ಹೋಗಿದ್ದೆ. ಮೊದಲ ಪಾಠವನ್ನು ಒಂಬತ್ತು ಮಕ್ಕಳಿಗೆ ಮನಸ್ಸಿಟ್ಟು ಮಾಡಿದೆ. ಮರುವಾರ ಆರು ಮಕ್ಕಳು ಬಂದವು. ಪಾಪ, ಇವಕ್ಕೆ ತಪ್ಪಿಹೋಗುತ್ತದೆ ಅಂತ ಅದೇ ಪಾಠ ಮತ್ತೊಮ್ಮೆ ಮಾಡಿದೆ. ಅದರ ಮರುವಾರ ಇನ್ನೂ ಐದು ಬಂದವು. ಮತ್ತೆ ಅದೇ ಪಾಠ. ಜುಲೈ ಬರುವಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬ ಹುಡುಗ ನಾನು ಬಾಯಿ ತೆರೆಯುವ ಮುಂಚೆಯೇ ಆ ಪಾಠವನ್ನು ನನ್ನದೇ ರಾಗದಲ್ಲಿ, ನನ್ನದೇ ಕೈ ಬೀಸಿನ ಜೊತೆ ಒಪ್ಪಿಸುತ್ತಿದ್ದ. ಇಡೀ ತರಗತಿ ನಗುತ್ತಿತ್ತು. ಸಮಯಕ್ಕೆ ಸರಿಯಾಗಿ ಶಾಲೆಗೆ ಬಂದ ತಪ್ಪಿಗೆ ಆ ಒಂಬತ್ತು ಮಕ್ಕಳಿಗೆ ನಾನು ಶಿಕ್ಷೆ ಕೊಟ್ಟಿದ್ದೆ.

ಮರುವರ್ಷದಿಂದ ನಾನು ಜೂನ್ 15ಕ್ಕೆ ತಯಾರಾಗುವುದನ್ನು ಬಿಟ್ಟು ಜುಲೈ 1ಕ್ಕೆ ತಯಾರಾಗತೊಡಗಿದೆ. ಮೊದಲ ಪಾಠ ಜುಲೈವರೆಗೆ ಕಪಾಟಿನಲ್ಲಿ. ಅಲ್ಲಿಯವರೆಗಿನ ಒಂದೊಂದು ದಿನವೂ ಆ ದಿನಕ್ಕೇ ಮುಗಿಯುವಂಥದ್ದು. ಒಂದು ದಿನ ಕಥೆ. ಒಂದು ದಿನ ಹಗ್ಗ ಹಿಡಿದು ಕೋಣೆ, ಬೆಂಚು, ಬಾಗಿಲು ಅಳೆಯುವುದು. ಒಂದು ದಿನ ಮಳೆಯ ನೀರನ್ನು ಬಾಟಲಿಯಲ್ಲಿ ಹಿಡಿದು ಗೆರೆ ಎಳೆಯುವುದು. ಒಂದು ದಿನ ಬಸ್ ಟಿಕೆಟ್, ರೈಲು ಟಿಕೆಟ್, ಕಿರಾಣಿ ಚೀಟಿ ತಂದು ಲೆಕ್ಕ ಮಾಡುವುದು. ಮರುದಿನ ಹೊಸ ಮಗು ಬಂದರೂ ಅದಕ್ಕೆ ಏನೂ ತಪ್ಪಿರುವುದಿಲ್ಲ. ಇದ್ದ ಮಗುವಿಗೆ ಬೇಜಾರೂ ಇಲ್ಲ.

ಪೋರ್ಷನ್ ಮುಗಿಯುತ್ತದಾ ಅಂತ ಕೇಳುತ್ತೀರಿ, ಗೊತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ. ಅದರಲ್ಲಿ 12 ದಿನ ಹೀಗೆ ಹೋದರೆ 188 ಉಳಿಯಿತು. ಮೂರು ಸಲ ಅದೇ ಪಾಠ ಮಾಡಿದ್ದಕ್ಕಿಂತ ಇದು ಲಾಭವೇ.

ಈ ಹದಿನೈದು ದಿನಗಳಲ್ಲಿ ನಿಮ್ಮ ನಿಜವಾದ ಕೆಲಸ ಬೇರೆ ಇದೆ. ಮಕ್ಕಳು ಕಡಿಮೆ ಇರುತ್ತಾರೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಐದು ನಿಮಿಷ ಓದಿಸಲು ಇಡೀ ವರ್ಷದಲ್ಲಿ ಇಂಥ ಸಮಯ ಮತ್ತೆ ಸಿಗುವುದಿಲ್ಲ. ಪಠ್ಯಪುಸ್ತಕ ಕೊಡಬೇಡಿ. ಕೆಲವು ಮಕ್ಕಳು ಅಣ್ಣನ ಪುಸ್ತಕ ಕೇಳಿ ಕೇಳಿ ಬಾಯಿಪಾಠ ಮಾಡಿರುತ್ತಾರೆ, ಬೆರಳು ಒಂದು ಕಡೆ ಬಾಯಿ ಒಂದು ಕಡೆ ಓಡುತ್ತದೆ. ಒಂದು ಬಿಳಿ ಹಾಳೆಯಲ್ಲಿ ನೀವೇ ದೊಡ್ಡದಾಗಿ ನಾಲ್ಕು ಸಾಲು ಬರೆಯಿರಿ. ಮೊದಲ ಸಾಲು ಸುಲಭ: ಸರ, ಅರಸ, ಅಗಸ, ಗರಗಸ. ಎರಡನೆಯದು ಕಾಗುಣಿತ: ಗಾಳಿ, ಮಳೆ, ಕೊಡೆ. ಮೂರನೆಯದು ಒತ್ತು: ಅಕ್ಕ, ಬಣ್ಣ, ಪುಸ್ತಕ, ರಸ್ತೆ. ನಾಲ್ಕನೆಯದು ಒಂದು ಪೂರ್ತಿ ವಾಕ್ಯ. ಮಗು ಯಾವ ಸಾಲಿನಲ್ಲಿ ನಿಲ್ಲುತ್ತದೋ ಅದೇ ಅದರ ತರಗತಿ. ಹಾಜರಿ ಪುಸ್ತಕದಲ್ಲಿ ಏನು ಬೇಕಾದರೂ ಇರಲಿ. ಮೂರನೇ ತರಗತಿಯ ಮಕ್ಕಳೂ 'ಬಣ್ಣ'ವನ್ನು 'ಬಣ' ಎಂದು ಓದಿ ಮುಂದೆ ಹೋಗುವುದನ್ನು ನೀವೇ ನೋಡುತ್ತೀರಿ.

ಎರಡು ತರಗತಿ ಒಂದೇ ಕೋಣೆ ಅಂದಿರಲ್ಲ. ಇಲ್ಲಿ ಅದು ನಿಮಗೆ ಅನುಕೂಲವೇ. ಎಡಕ್ಕೆ ಎರಡನೇ ತರಗತಿ, ಬಲಕ್ಕೆ ಮೂರನೇ ತರಗತಿ ಎಂದು ಕೂರಿಸಬೇಡಿ. ಓದುವಾಗ ಸಾಲಿನ ಪ್ರಕಾರ ಕೂರಿಸಿ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ಕೇಳಿದ್ದೀರಲ್ವಾ? ಅದರಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಗುಂಪಿನಲ್ಲಿ ಕೂತು ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ. ಅಕ್ಷರವೂ ಅ ಆ ಇ ಈ ಅಲ್ಲ. ರ, ಗ, ಸ, ದ, ಅ ಎಂದು ಶುರು. ಬರೆಯಲು ಸುಲಭ, ಐದೇ ಅಕ್ಷರ ಬಂದ ಕೂಡಲೇ 'ಅರಸ', 'ದಸರ' ಓದಬಹುದು. ಒಂದನೇ ತರಗತಿಯಲ್ಲಿ ಅಕ್ಷರ ಕೂಡಿಬರದ ಮಗು ನಿಮ್ಮಲ್ಲಿದ್ದರೆ ಇದರಿಂದಲೇ ಹಿಡಿಯಿರಿ. 'ಅಯ್ಯೋ, ಎರಡನೇ ತರಗತಿಗೆ ಬಂದರೂ' ಎಂದು ಮಾತ್ರ ಎಲ್ಲರೆದುರು ಹೇಳಬೇಡಿ.

ಇನ್ನು ಪುತ್ತೂರಿನ ನಿಮಗೆ ಒಂದು ಎಚ್ಚರಿಕೆ. ಇದು ನನ್ನ ತಪ್ಪು, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಮೂರನೆಯದೋ ನಾಲ್ಕನೆಯದೋ ವರ್ಷ. ಮೊಟ್ಟೆಯ ಚಿತ್ರ ತೋರಿಸಿ ಇದೇನು ಎಂದು ಕೇಳಿದೆ. ಊರಿಂದ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಕೈ ಎತ್ತಿ 'ತತ್ತಿ ರೀ' ಎಂದಳು. ಉತ್ತರ ಕರ್ನಾಟಕದಲ್ಲಿ ಮೊಟ್ಟೆಗೆ ತತ್ತಿ ಎನ್ನುತ್ತಾರೆ, ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮುಂಬಯಿಯಲ್ಲೇ ಹುಟ್ಟಿ ಹಿಂದಿಯಲ್ಲಿ ಆಡುವ ಮಕ್ಕಳ ಕಿವಿಗೆ ಅದು ಹಿಂದಿಯ 'ಟಟ್ಟಿ' (ಮಲ) ಆಗಿ ಕೇಳಿತು. ಕೋಣೆ ಪೂರ್ತಿ ನಗು. ನಾನೂ ನಕ್ಕುಬಿಟ್ಟೆ. ಸುಮ್ನೆ ಬಂದ ನಗು ಅದು, ಕೆಟ್ಟ ಮನಸ್ಸಿನದ್ದಲ್ಲ. ಆದರೆ ಆ ಹುಡುಗಿ ಗಣೇಶ ಚೌತಿಯವರೆಗೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಆಮೇಲೆ ಪ್ರತಿ ಜೂನ್‌ನಲ್ಲಿ ನಾನು ಒಂದು 'ಮನೆ ಮಾತು' ಪಟ್ಟಿ ಮಾಡಿಸುತ್ತಿದ್ದೆ. ಹಲಗೆಯ ಮೇಲೆ ಮೊಟ್ಟೆ ಬರೆದು, ನಿಮ್ಮ ಮನೆಯಲ್ಲಿ ಏನಂತೀರಿ ಎಂದು ಕೇಳುವುದು. ಮೊಟ್ಟೆ, ತತ್ತಿ, ಅಂಡಾ. ಆಲೂಗಡ್ಡೆ, ಬಟಾಟೆ. ಪಾರಿವಾಳ, ಕಬೂತರ್. ಎಲ್ಲವನ್ನೂ ಹಲಗೆಯ ಮೇಲೆ ಒಂದೇ ಸೈಜಿನಲ್ಲಿ ಬರೆಯುವುದು. ನಿಮ್ಮ ಪುತ್ತೂರಿನ ಮಾತಿಗೂ ಅವರು ನಗುತ್ತಾರೆ, ಆಗ ನೀವೂ ನಗಿ. ಪುಸ್ತಕದ ಮಾತು ನಿಧಾನವಾಗಿ ಬರುತ್ತದೆ. ಬಾಯಿ ಮುಚ್ಚಿದ ಮಗುವಿನಲ್ಲಿ ಯಾವ ಮಾತೂ ಬರುವುದಿಲ್ಲ.

ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಮಗುವಿಗೆ ಎರಡು ಪುಟ. ಮನೆಯಲ್ಲಿ ಕರೆಯುವ ಹೆಸರು, ಯಾವ ಸಾಲಿನವರೆಗೆ ಓದುತ್ತದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ. ಹೋದ ವರ್ಷದ ಟೀಚರ್ ಹತ್ತಿರ ಕಣ್ಣು, ಕಿವಿ, ಫಿಟ್ಸ್, ಮಾತ್ರೆ ಬಗ್ಗೆ ಮಾತ್ರ ಕೇಳಿ. 'ಅವನು ಬಹಳ ಪೋಕರಿ' ಎನ್ನುವ ಮಾತು ಶುರುವಾದರೆ ಚಹಾಕ್ಕೆ ಎದ್ದುಬಿಡಿ.

ಫೋನ್ ನಂಬರ್ ಮೂರು ಇರಲಿ, ಅದರಲ್ಲಿ ಒಂದು ಪಕ್ಕದ ಮನೆಯದ್ದೋ ಕಿರಾಣಿ ಅಂಗಡಿಯದ್ದೋ. ಏಕೆಂದರೆ ಹಗಲು ಹೊತ್ತು ತಂದೆ ಯಾವ ಸೈಟಿನಲ್ಲಿದ್ದಾನೆ ಎನ್ನುವುದು ಮುಕಾದಮನಿಗೆ (ಕೂಲಿಯವರ ಮೇಸ್ತ್ರಿಗೆ) ಮಾತ್ರ ಗೊತ್ತು. 2005ರ ಜುಲೈ 26 ನೆನಪಿದೆಯಾ? ನೀವು ಆಗ ಚಿಕ್ಕವರು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆ ರಾತ್ರಿ 11 ಮಕ್ಕಳು ನನ್ನ ಜೊತೆ ಶಾಲೆಯ ಎರಡನೇ ಮಹಡಿಯಲ್ಲೇ ಮಲಗಿದರು. ನನ್ನ ದಾಖಲೆಯಲ್ಲಿ ಒಂದು ಮಗುವಿನ ವಿಳಾಸ 'ಪೈಪ್‌ಲೈನ್ ಹತ್ತಿರ' ಎಂದಷ್ಟೇ ಇತ್ತು. ಬರೆದಿದ್ದು ನಾನೇ. ಮರುದಿನ ಮಧ್ಯಾಹ್ನ ಅವಳ ಅಪ್ಪ ಸೊಂಟದವರೆಗೆ ಕೆಸರು ಮಾಡಿಕೊಂಡು ಬಂದಾಗ ನನಗೆ ಆ ಎರಡು ಪದ ನೆನಪಾಗಿ ತಲೆ ಎತ್ತಲಾಗಲಿಲ್ಲ.

ಚಾರ್ಟ್ ವಿಷಯ ಮರೆತೆ. ಹದಿನೈದರಲ್ಲಿ ಮೂರು ತನ್ನಿ. ಜೂನ್‌ನಲ್ಲಿ ನಮ್ಮ ಗೋಡೆ ಬೆವರುತ್ತದೆ, ಟೇಪ್ ನಿಲ್ಲುವುದಿಲ್ಲ. ಒಂದು ನೈಲಾನ್ ಹಗ್ಗ, ಬಟ್ಟೆ ಒಣಗಿಸುವ ಎರಡು ಡಜನ್ ಕ್ಲಿಪ್. ಮೊದಲು ಮಕ್ಕಳ ಹೆಸರು ಬರೆದ ಚೀಟಿಗಳು ಅದರ ಮೇಲೆ ತೂಗಲಿ. ಊರಿಂದ ಇನ್ನೂ ಬಾರದವರ ಹೆಸರೂ ಇರಬೇಕು. ಜುಲೈನಲ್ಲಿ ಹೆದರಿಕೊಂಡು ಒಳಗೆ ಬಂದ ಮಗು ಹಗ್ಗದ ಮೇಲೆ ತನ್ನ ಹೆಸರು ನೋಡಿದಾಗ ಅದರ ಮುಖ ನೋಡಿ. ನಿಮ್ಮ ಯೂಟ್ಯೂಬ್‌ನಲ್ಲಿ ಅದು ಸಿಗುವುದಿಲ್ಲ.

ಪ್ರಶ್ನೆ: ನನಗೆ 22 ವರ್ಷದ ಸೇವೆ. ಈಗ ಜೂನ್ ಬಂತೆಂದರೆ ಉತ್ಸಾಹವೇ ಇಲ್ಲ. ಪಾಠಕ್ಕಿಂತ ಆನ್‌ಲೈನ್ ಮಾಹಿತಿ ತುಂಬುವುದೇ ಜಾಸ್ತಿ. ಮೇಲೆ ಪಟಸಂಖ್ಯೆಯ ಚಿಂತೆ. ಹೊಸ ವರ್ಷಕ್ಕೆ ಯಾಕೆ ತಯಾರಾಗಬೇಕು? — ಹೆಸರು ಬೇಡ, ಠಾಣೆ

ಹೊರಗಿನವರಿಗೆ ಹೇಳಬೇಕು, ಪಟಸಂಖ್ಯೆ ಎಂದರೆ ದಾಖಲಾದ ಮಕ್ಕಳ ಲೆಕ್ಕ. ಅದು ಇಳಿದರೆ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ. ಕನ್ನಡ ಶಾಲೆಯ ಶಿಕ್ಷಕರು ಮೇ ತಿಂಗಳ ಬಿಸಿಲಲ್ಲಿ ಚಾಳುಗಳ ಮೆಟ್ಟಿಲು ಹತ್ತಿ ಮಕ್ಕಳನ್ನು ಕರೆಯುವುದು ಇದಕ್ಕೇ. ನಾನೂ ಹತ್ತಿದ್ದೇನೆ. 'ಕನ್ನಡ ಕಲ್ತು ಇಲ್ಲೇನು ಮಾಡ್ಲಿಕ್ಕದ ಅಕ್ಕೋರ?' ಎಂದು ಕೇಳಿಸಿಕೊಂಡು ಇಳಿದಿದ್ದೇನೆ. ಅದಕ್ಕೆ ನನ್ನ ಹತ್ತಿರ ಚಂದದ ಉತ್ತರ ಎಂದೂ ಇರಲಿಲ್ಲ. ಮನೆಯ ಮಾತಿನಲ್ಲಿ ಓದು ಬೇಗ ಬರುತ್ತದೆ, ಮರಾಠಿ ಇಂಗ್ಲಿಷು ಎರಡೂ ನಮ್ಮಲ್ಲೇ ಕಲಿಸುತ್ತೇವೆ ಎಂದಷ್ಟೇ ಹೇಳಿ ಬರುತ್ತಿದ್ದೆ.

ನಿಮ್ಮ ಸಿಟ್ಟು ನ್ಯಾಯವೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ವಾರಕ್ಕೆ 45 ಗಂಟೆ, ಅದರಲ್ಲಿ ಪಾಠದ ತಯಾರಿಯ ಸಮಯವೂ ಸೇರಿದೆ ಎಂದೂ ಅದೇ ಕಾಯ್ದೆಯಲ್ಲಿದೆ. ನಿಮ್ಮ ಮುಖ್ಯಾಧ್ಯಾಪಕರಿಗೆ ಇದನ್ನು ನಗುತ್ತಲೇ ಒಮ್ಮೆ ನೆನಪಿಸಿ. ಆನ್‌ಲೈನ್ ಕೆಲಸಕ್ಕೆ ವಾರದಲ್ಲಿ ಎರಡು ದಿನ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಕೊಡಿ. ಪಾಠದ ನಡುವೆ ಫೋನ್ ಮುಟ್ಟಬೇಡಿ.

ಆದರೆ ಉತ್ಸಾಹ ಹೋಗಿದ್ದು ಬರೀ ಅದರಿಂದ ಅಂತ ನನಗೆ ಅನ್ನಿಸುವುದಿಲ್ಲ. ಒಂದು ಮಾತು ಕೇಳಲಾ? ನಿಮ್ಮ ಟಾಚಣ ವಹಿ, ಅಂದರೆ ಪಾಠದ ತಯಾರಿ ಬರೆಯುವ ಪುಸ್ತಕ, ಹೋದ ವರ್ಷದ್ದೇ ನಕಲಾ? ಬೇಜಾರು ಮಾಡಿಕೊಳ್ಳಬೇಡಿ, ನನ್ನದು ಏಳು ವರ್ಷ ನಕಲು ಇತ್ತು. ತಾರೀಕು ಮಾತ್ರ ಬದಲಾಗುತ್ತಿತ್ತು. ಒಮ್ಮೆ ತಾರೀಕೂ ಬದಲಾಯಿಸಲು ಮರೆತು ಸಿಕ್ಕಿಬಿದ್ದೆ. ಹೊಸದಾಗಿ ಎಲ್ಲ ಬರೆಯಿರಿ ಎಂದು ನಾನು ಹೇಳುವುದಿಲ್ಲ, ನಿಮಗೆ ಅಷ್ಟು ತಾಳ್ಮೆ ಉಳಿದಿಲ್ಲ. ನಿಮಗೆ ಅತಿ ಬೇಜಾರು ತರುವ ಒಂದೇ ಪಾಠ ಆರಿಸಿ, ಅದನ್ನು ಈ ವರ್ಷ ಬೇರೆ ಥರ ಮಾಡಿ. ನನಗೆ ಅದು ಭಾಗಾಕಾರ. ಹಲಗೆ ಬಿಟ್ಟು, ಒಂದು ಕಿಲೋ ಶೇಂಗಾ ತಂದು 27 ಮಕ್ಕಳಿಗೆ ಸಮನಾಗಿ ಹಂಚಿರಿ ಎಂದು ಕೂತೆ. ಶೇಷ ಎಂದರೆ ಏನು ಎಂದು ಯಾರೂ ಕೇಳಲಿಲ್ಲ, ಉಳಿದ ಶೇಂಗಾ ಯಾರಿಗೆ ಎಂಬ ಜಗಳ ಮಾತ್ರ ಆಯಿತು. ಆ ವರ್ಷ ನನಗೆ ಜೂನ್ ಅಷ್ಟೊಂದು ಭಾರ ಅನ್ನಿಸಲಿಲ್ಲ.

ಪ್ರಶ್ನೆ: ಪುಣೆಯ ನಮ್ಮ ಸೊಸೈಟಿಯಲ್ಲಿ ಭಾನುವಾರ 12 ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಾನು ಶಿಕ್ಷಕನಲ್ಲ, ಸಾಫ್ಟ್‌ವೇರ್‌ನವನು. ಮಕ್ಕಳು ಮಾತಾಡುತ್ತಾರೆ, ಓದಲು ಬರುವುದಿಲ್ಲ. ಬೇಸಿಗೆ ರಜೆಯ ನಂತರ ಎಲ್ಲ ಮರೆತಿರುತ್ತಾರೆ. ಪ್ರತಿ ಜೂನ್ ಮತ್ತೆ ಅ ಆ ಇ ಈ! — ಹಿಂಜವಡಿ

ಹಾಗಾದರೆ ಅ ಆ ಇ ಈ ಇಂದ ಶುರು ಮಾಡಬೇಡಿ ಸರ್. ಮೊದಲ ಭಾನುವಾರ ಪ್ರತಿ ಮಗುವಿನ ಕೈಗೆ ಒಂದು ಅಂಚೆ ಕಾರ್ಡು ಕೊಡಿ. ಧಾರವಾಡದಲ್ಲೋ ಹಾಸನದಲ್ಲೋ ಇರುವ ಅಜ್ಜಿಗೆ ಮೂರು ಸಾಲು. ಬಾರದ ಅಕ್ಷರ ನೀವು ಬರೆದು ತೋರಿಸಿ, ಮಗು ನೋಡಿ ಬರೆಯಲಿ. ಅಜ್ಜಿಗೆ ಮೊದಲೇ ಫೋನ್ ಮಾಡಿ, ಉತ್ತರ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದು ಹೇಳಿಸಿ. ತನ್ನ ಹೆಸರಿಗೆ ಬಂದ ಪತ್ರವನ್ನು ಓದದೆ ಬಿಡುವ ಮಗುವನ್ನು ನಾನು ನೋಡಿಲ್ಲ. ಕಥೆ ಬೇಕಿದ್ದರೆ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮಟ್ಟದ ಪ್ರಕಾರ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳ ಪಿಡಿಎಫ್ ಕೂಡ ಜಾಲತಾಣದಲ್ಲಿದೆ. ಬಾಲಭಾರತಿಯ ಕಚೇರಿ ನಿಮ್ಮ ಪುಣೆಯಲ್ಲೇ ಇದೆ. ಮರಾಠಿ ಓದಬಲ್ಲ ಮಕ್ಕಳಿಗೆ ಕಾಗುಣಿತದ ಲೆಕ್ಕ ಆಗಲೇ ಗೊತ್ತಿರುತ್ತದೆ, ಆಕಾರ ಮಾತ್ರ ಹೊಸದು. ಅವರನ್ನು ಚಿಕ್ಕವರ ಜೊತೆ ಕೂರಿಸಿ ಬೇಜಾರು ಮಾಡಿಸಬೇಡಿ.

ಪ್ರಶ್ನೆ: ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾದ ಎರಡನೇ ವಾರಕ್ಕೇ ನನ್ನ ಗಂಟಲು ಕಟ್ಟುತ್ತದೆ. ಶಾಲೆ ಹೈವೇ ಪಕ್ಕ. — ಶಿಕ್ಷಕ, ಡೊಂಬಿವಲಿ

ರಜೆಯೆಲ್ಲ ಸುಮ್ಮನಿದ್ದ ಗಂಟಲಿಗೆ ಏಕಾಏಕಿ ಆರು ತಾಸು ಕೆಲಸ ಕೊಟ್ಟರೆ ಮತ್ತೇನಾಗುತ್ತದೆ ಸರ್? ಶಾಲೆ ಶುರುವಾಗುವ ಹತ್ತು ದಿನ ಮುಂಚೆಯೇ ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಪೇಪರ್ ಓದಿ. ಮನೆಯವರು ಬೈದರೆ ಬೈಯಲಿ. ತರಗತಿಯಲ್ಲಿ ಕೂಗುವ ಬದಲು ಚಪ್ಪಾಳೆಗೆ ಚಪ್ಪಾಳೆ ಉತ್ತರ ಅಭ್ಯಾಸ ಮಾಡಿಸಿ. ಗದ್ದಲ ಇದ್ದಾಗ ಹಲಗೆ ಬಿಟ್ಟು ಮಕ್ಕಳ ನಡುವೆ ನಿಂತು ಮಾತಾಡಿ. ನೀರಿನ ಬಾಟಲಿ ಮೇಜಿನ ಮೇಲೆ ಇರಲಿ, ಬ್ಯಾಗಿನಲ್ಲಿ ಅಲ್ಲ. ಗಂಟಲು ಕಟ್ಟಿದಾಗ ಪಿಸುಮಾತು ಬೇಡ, ಅದರಿಂದಲೂ ಗಂಟಲಿಗೆ ತ್ರಾಸವೇ. ಮೂರು ವಾರ ದಾಟಿದರೂ ಸರಿಯಾಗದಿದ್ದರೆ ಕಷಾಯ ಬಿಟ್ಟು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಗಬೇಡಿ ಬಾಯಿ. ಮೊದಲ ದಿನ ಯಾವ ಸೀರೆ ಉಡಲಿ? — ಇನ್ನೊಬ್ಬ ಹೊಸ ಶಿಕ್ಷಕಿ, ಕುರ್ಲಾ

ನಗುವುದೇಕೆ, ಇದೇ ನಿಜವಾದ ಪ್ರಶ್ನೆ. ಕಾಟನ್ ಬೇಡ, ಕುರ್ಲಾ ಸ್ಟೇಷನ್ನಿಂದ ಶಾಲೆ ಮುಟ್ಟುವಷ್ಟರಲ್ಲಿ ನೆನೆದರೆ ಸಂಜೆಯವರೆಗೆ ಒಣಗುವುದಿಲ್ಲ. ತೆಳು ಸಿಂಥೆಟಿಕ್, ಗಾಢ ಬಣ್ಣ, ಎರಡು ಬೆರಳು ಎತ್ತರಕ್ಕೆ. ಚಪ್ಪಲಿ ರಬ್ಬರಿನದ್ದು. ಇನ್ನೊಂದು ಜೊತೆ ಬಟ್ಟೆ, ಒಂದು ಟವೆಲ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಶಾಲೆಯ ಕಪಾಟಿನಲ್ಲಿಡಿ. ಸೀಮೆಸುಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಇಲ್ಲದಿದ್ದರೆ ಮೆತ್ತಗಾಗಿ ಹಲಗೆಯ ಮೇಲೆ ಮೂಡುವುದಿಲ್ಲ. ಮತ್ತೆ ಆ ಟವೆಲ್ ದೊಡ್ಡದೇ ಇರಲಿ. ಅದು ನಿಮಗಾಗಿ ಅಂತ ನೀವು ಅಂದುಕೊಳ್ಳುತ್ತೀರಿ, ಒಂದು ವಾರದಲ್ಲಿ ಅದರಿಂದ ಹನ್ನೆರಡು ತಲೆ ಒರೆಸಿರುತ್ತೀರಿ.